ಟ್ಯಾಂಕಿಗೆ ಇಳಿಯಲು ಅವರೇ ಒಪ್ಪಿದ್ದಾರೆ, ಆದರೂ ಬೇಡ ಅನ್ನಬೇಕಾ?

ಪ್ರಶ್ನೆ: ಹೊಸಕೋಟೆ ಕಡೆ ನಮ್ಮದು 18 ಮನೆಗಳ ಸಣ್ಣ ಅಪಾರ್ಟ್‌ಮೆಂಟ್. ಇಲ್ಲಿಗೆ ಇನ್ನೂ ಒಳಚರಂಡಿ ಬಂದಿಲ್ಲ, ಸೆಪ್ಟಿಕ್ ಟ್ಯಾಂಕೇ ಗತಿ. ಆರು ವರ್ಷದಿಂದ ಅದನ್ನು ಖಾಲಿ ಮಾಡಿಸಿರಲಿಲ್ಲ. ಕಳೆದ ತಿಂಗಳು ನೆಲಮಹಡಿಯ ಬಾತ್‌ರೂಮಿನಲ್ಲಿ ನೀರು ವಾಪಸ್ ಬರತೊಡಗಿತು. ಲಾರಿ ಕರೆಸಿದೆವು. ಎರಡು ಲೋಡ್ ಎಳೆದ ಮೇಲೆ ಲಾರಿಯವರು, "ಕೆಳಗೆ ಗಟ್ಟಿಯಾಗಿ ಕೂತಿದೆ, ಮಷಿನ್ ಎಳೆಯಲ್ಲ. ಇಬ್ಬರು ಇಳಿದು ಬಕೆಟ್‌ನಲ್ಲಿ ತೆಗೀಬೇಕು, 6 ಸಾವಿರ ಎಕ್ಸ್‌ಟ್ರಾ ಆಗುತ್ತೆ" ಎಂದರು. ಇಳಿಯುವ ಇಬ್ಬರೂ ಒಪ್ಪಿದ್ದಾರೆ. ಹಿಂದಿನ ದಿನವೇ ಮುಚ್ಚಳ ತೆಗೆದಿಟ್ಟು, ದೀಪ ಇಳಿಸಿ ನೋಡಿ, ಮಾಸ್ಕ್ ಹಾಕಿಕೊಂಡು ಇಳಿಯುತ್ತಾರಂತೆ. ನಾನು ಸಮಿತಿಯ ಖಜಾಂಚಿ. ಯಾಕೋ ಮನಸ್ಸು ಒಪ್ಪುತ್ತಿಲ್ಲ. ಬೇಡ ಅಂದರೆ ಉಳಿದವರು, "ಬಡವರ ಹೊಟ್ಟೆ ಮೇಲೆ ಯಾಕೆ ಹೊಡೀತೀರಾ? ಏನಾದರೂ ಆದರೆ ಜವಾಬ್ದಾರಿ ಕಾಂಟ್ರ್ಯಾಕ್ಟರ್‌ದು, ನಮ್ಮದಲ್ಲ" ಅನ್ನುತ್ತಾರೆ. ಇನ್ನೊಂದು ವಿಷಯ. ಮೊದಲ ಎರಡು ಲೋಡ್ ಎಲ್ಲಿ ಸುರಿದಿರಿ ಎಂದು ಕೇಳಿದ್ದಕ್ಕೆ, "ಅದೆಲ್ಲ ನಿಮಗ್ಯಾಕೆ ಮೇಡಂ" ಎಂದರು. ನಾನು ಏನು ಮಾಡಲಿ?

ಉತ್ತರ: ಮೇಡಂ, ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಯಾರನ್ನೂ ಇಳಿಸಬೇಡಿ. ಸಮಿತಿಯಲ್ಲಿ ಜಗಳ ಆದರೂ ಪರವಾಗಿಲ್ಲ, ಇನ್ನೊಂದು ವಾರ ನೆಲಮಹಡಿಯವರಿಗೆ ತೊಂದರೆ ಆದರೂ ಪರವಾಗಿಲ್ಲ. ಆ ಮುಚ್ಚಳಕ್ಕೆ ಭದ್ರವಾಗಿ ಏನಾದರೂ ಅಡ್ಡ ಇಡಿಸಿ, ಆಮೇಲೆ ಉಳಿದದ್ದನ್ನು ಓದಿ.

ನಾನು ತ್ಯಾಜ್ಯನೀರಿನ ಕೆಲಸದಲ್ಲೇ ಇರುವ ಪರಿಸರ ಎಂಜಿನಿಯರ್. ಸಣ್ಣ ಊರುಗಳ ಮಲದ ಗುಂಡಿ, ಸೆಪ್ಟಿಕ್ ಟ್ಯಾಂಕು, ಶುದ್ಧೀಕರಣ ಘಟಕ, ಇವೇ ನನ್ನ ದಿನನಿತ್ಯ. ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಇಳಿದರೆ ನಿಜಕ್ಕೂ ಅಷ್ಟು ಅಪಾಯವಾ? ಅವರೇ ಒಪ್ಪಿದ ಮೇಲೆ ತಪ್ಪು ಯಾರದು? ಇಳಿಸದೆ ಟ್ಯಾಂಕ್ ಖಾಲಿ ಮಾಡುವುದು ಹೇಗೆ? ಆ ಲೋಡ್ ಎಲ್ಲಿಗೆ ಹೋಗುತ್ತದೆ? ನಿಮ್ಮನ್ನು ಕಾಡುತ್ತಿರುವುದು ಎರಡನೆಯದು ಎಂದು ನನಗನಿಸಿತು. ಆದರೆ ಅದಕ್ಕೆ ಉತ್ತರ ಗಟ್ಟಿಯಾಗಬೇಕಾದರೆ ಮೊದಲನೆಯದನ್ನು ಸರಿಯಾಗಿ ತಿಳಿದುಕೊಳ್ಳಬೇಕು.

ಮುಚ್ಚಿದ ಟ್ಯಾಂಕಿನಲ್ಲಿ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದ ಕಡೆ ಮಲ ಕೊಳೆಯುವಾಗ ಹೈಡ್ರೋಜನ್ ಸಲ್ಫೈಡ್, ಮೀಥೇನ್, ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತವೆ. ಜನರನ್ನು ಬೇಗ ಕೊಲ್ಲುವುದು ಮೊದಲನೆಯದು, ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆದರೆ 100 ಪಾಲು ದಾಟುತ್ತಿದ್ದಂತೆ ಮೂಗು ಸತ್ತಂತಾಗುತ್ತದೆ, ವಾಸನೆಯೇ ತಿಳಿಯುವುದಿಲ್ಲ. 500 ದಾಟಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. 1000ದ ಹತ್ತಿರ ಹೋದರೆ ಒಂದೆರಡು ಉಸಿರು ಸಾಕು, ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಕೂಗಲೂ ಆಗುವುದಿಲ್ಲ. "ಈಗ ವಾಸನೆ ಕಮ್ಮಿಯಾಯ್ತು, ಇಳೀಬಹುದು" ಅನ್ನುವುದು ಅದಕ್ಕೇ ಭಯಂಕರವಾದ ಮಾತು. ಕಮ್ಮಿಯಾಗಿದ್ದು ಅನಿಲವೋ, ಮೂಗಿನ ಶಕ್ತಿಯೋ ಎಂದು ಹೊರಗಿನಿಂದ ಹೇಳಲಾಗದು.

ಹಿಂದಿನ ದಿನವೇ ಮುಚ್ಚಳ ತೆಗೆದಿಟ್ಟರೆ ಅನಿಲ ಹೋಗುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಒಂದೂವರೆ ಅಡಿಯ ಬಾಯಿಯಿಂದ ಅದು ತಾನಾಗಿ ಮೇಲೆದ್ದು ಬರುವುದಿಲ್ಲ. ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಅನಿಲದ ದೊಡ್ಡ ಪಾಲು ತಳದಲ್ಲಿ ಕೂತ ಕೆಸರಿನ, ಅಂದರೆ ಗಸಿಯ, ಒಳಗೇ ಸಿಕ್ಕಿಕೊಂಡಿರುತ್ತದೆ. ಮೇಲಿನ ಗಾಳಿ ಚೆನ್ನಾಗಿದೆ ಎಂದೇ ಇಟ್ಟುಕೊಳ್ಳಿ. ಇಳಿದವನು ಗಸಿಯಲ್ಲಿ ಕಾಲಿಡುತ್ತಾನೆ, ಬಕೆಟ್ ಮುಳುಗಿಸುತ್ತಾನೆ, ಆಗ ಗುಳ್ಳೆಗಳು ಒಡೆದು ಅನಿಲ ಒಮ್ಮೆಲೇ ಅವನ ಮುಖದ ಮಟ್ಟಕ್ಕೆ ಏಳುತ್ತದೆ. "ಇಳಿದ ಐದು ನಿಮಿಷ ಚೆನ್ನಾಗೇ ಇದ್ದ ಸಾರ್, ಆಮೇಲೆ ಏನಾಯ್ತೋ" ಎಂದು ಜೊತೆಯವರು ಹೇಳುವುದು ಇದನ್ನೇ.

ದೀಪದ ಪರೀಕ್ಷೆ ಬಾವಿ ತೋಡುವವರಿಂದ ಬಂದ ಹಳೆಯ ರೂಢಿ. ಆಮ್ಲಜನಕ ತೀರಾ ಕಡಿಮೆ ಇದ್ದರೆ ದೀಪ ಆರುತ್ತದೆ, ಅಷ್ಟು ಮಟ್ಟಿಗೆ ಅದು ನಿಜ. ಆದರೆ ಮನುಷ್ಯನನ್ನು ಕೊಲ್ಲುವಷ್ಟು ಹೈಡ್ರೋಜನ್ ಸಲ್ಫೈಡ್ ಇದ್ದರೂ ದೀಪ ಚೆನ್ನಾಗಿಯೇ ಉರಿಯುತ್ತಿರುತ್ತದೆ. ಇನ್ನು ಮೀಥೇನ್ ಗಾಳಿಯಲ್ಲಿ ಶೇ 5ರಿಂದ 15ರಷ್ಟು ಬೆರೆತಿದ್ದರೆ ಆ ದೀಪವೇ ಟ್ಯಾಂಕನ್ನು ಸ್ಫೋಟಿಸುತ್ತದೆ. ದಯವಿಟ್ಟು ಬೆಂಕಿ ಇರುವ ಏನನ್ನೂ ಆ ಬಾಯಿಯ ಹತ್ತಿರ ತರಬೇಡಿ, ಬೀಡಿ ಕೂಡ.

ಮಾಸ್ಕ್ ವಿಷಯ ಚಿಕ್ಕದು. ಬಟ್ಟೆ ಮಾಸ್ಕಾಗಲಿ, ಕೊರೊನಾ ಕಾಲದಲ್ಲಿ ನಾವೆಲ್ಲ ಹಾಕಿಕೊಂಡ ಎನ್-95 ಆಗಲಿ ದೂಳನ್ನು ತಡೆಯುತ್ತವೆ, ಅನಿಲವನ್ನಲ್ಲ. ಸ್ವಲ್ಪ ಕುಡಿದು ಇಳಿದರೆ ಏನೂ ಆಗುವುದಿಲ್ಲ ಎಂಬ ಮಾತೂ ಇದೆ. ಅವರು ಕುಡಿಯುವುದು ಆ ಹೊಲಸನ್ನು ತಡೆದುಕೊಳ್ಳಲು. ಅದು ಅನಿಲದಿಂದ ಕಾಪಾಡುವುದಿಲ್ಲ, ಅಪಾಯ ಗೊತ್ತಾಗುವುದನ್ನು ತಡ ಮಾಡುತ್ತದೆ. ಕೊನೆಗೆ "ಕುಡಿದಿದ್ದ, ಅದಕ್ಕೇ ಸತ್ತ" ಎಂದು ಸತ್ತವನ ತಲೆಗೇ ಕಟ್ಟುವುದನ್ನು ಕೇಳಿದಾಗಲೆಲ್ಲ ನನಗೆ ತುಂಬಾ ಸಿಟ್ಟು ಬರುತ್ತದೆ.

ನಿಮ್ಮ ಪತ್ರದಲ್ಲಿ "ಇಬ್ಬರು" ಎಂದಿದ್ದೀರಿ. ಈ ಕೆಲಸದಲ್ಲಿ ಸಾವು ಒಂಟಿಯಾಗಿ ಬರುವುದು ಕಡಿಮೆ. ಮೊದಲನೆಯವನು ಬೀಳುತ್ತಾನೆ, ಅವನನ್ನು ಎತ್ತಲು ಎರಡನೆಯವನು ಹಾರುತ್ತಾನೆ. ಅವನು ತಮ್ಮನೋ, ಭಾವನೋ, ಪಕ್ಕದ ಮನೆಯವನೋ ಆಗಿರುತ್ತಾನೆ. ಮೂರನೆಯವನು ಮೇಲಿಂದ ನೋಡುತ್ತಾ ನಿಲ್ಲಲಾರ. ನಿಮ್ಮ ಆವರಣದಲ್ಲಿ ಎಂದಾದರೂ ಹೀಗಾದರೆ ಒಂದೇ ನಿಯಮ. ಇನ್ನೊಬ್ಬರು ಇಳಿಯಬಾರದು. 112ಕ್ಕೆ ಫೋನ್ ಮಾಡಿ ಅಗ್ನಿಶಾಮಕ ದಳ ಬೇಕು, ಸೆಪ್ಟಿಕ್ ಟ್ಯಾಂಕಿನಲ್ಲಿ ಬಿದ್ದಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿ. ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ತರಬೇತಿ ಇರುವುದು ಅವರಿಗೆ.

ಈಗ, "ಅವರೇ ಒಪ್ಪಿದ್ದಾರೆ" ಎಂಬ ಮಾತಿಗೆ ಬರುತ್ತೇನೆ.

ಕಾನೂನಿನ ಪ್ರಕಾರ ಆ ಒಪ್ಪಿಗೆಗೆ ಬೆಲೆ ಇಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕೇಂದ್ರ ಕಾಯ್ದೆಯ 7ನೇ ಸೆಕ್ಷನ್ ಓದಿ. ಯಾವುದೇ ವ್ಯಕ್ತಿ, ಸ್ಥಳೀಯ ಸಂಸ್ಥೆ ಅಥವಾ ಏಜೆನ್ಸಿ, ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ, ಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಯಾರನ್ನೂ ನೇಮಿಸುವಂತಿಲ್ಲ ಎಂದಿದೆ. "ಬೇರೆಯವರ ಮೂಲಕವಾಗಲಿ" ಎನ್ನುವುದರಲ್ಲಿ ನಿಮ್ಮ ಸಮಿತಿಯೂ ಬರುತ್ತದೆ. ಕಾಂಟ್ರ್ಯಾಕ್ಟರ್ ಜವಾಬ್ದಾರಿ ಎಂದು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಮೀನು ಸುಲಭಕ್ಕೆ ಸಿಗದ ಅಪರಾಧ ಇದು. ಕೆಲಸಗಾರರು ಪರಿಶಿಷ್ಟ ಜಾತಿಯವರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯೂ ಸೇರಬಹುದು. ಮನುಷ್ಯ ಇಳಿಯಲೇಬೇಕಾದ ಅಪರೂಪದ ಸಂದರ್ಭಗಳನ್ನು ಅದೇ ಕಾಯ್ದೆಯ ನಿಯಮಗಳು ಪಟ್ಟಿ ಮಾಡಿವೆ. ಅದಕ್ಕೆ ಬೇಕಾದ ಸಲಕರಣೆಗಳ ದೊಡ್ಡ ಪಟ್ಟಿಯೂ ಇದೆ. ಬಕೆಟ್, ಹಗ್ಗ, ಮಾಸ್ಕ್ ಹಿಡಿದು ಬರುವವರು ಅದರ ಹತ್ತಿರಕ್ಕೂ ಬರುವುದಿಲ್ಲ.

ಸುಪ್ರೀಂ ಕೋರ್ಟ್ 2014ರಲ್ಲಿ ಇಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಜನರನ್ನು ಚರಂಡಿಗೆ ಇಳಿಸಿ ಸ್ವಚ್ಛ ಮಾಡಿಸುವುದನ್ನು ಪೂರ್ತಿ ನಿಲ್ಲಿಸಿ ಎಂದಿತು. ಹೊಸಕೋಟೆ ನಗರದ ಹೊರಗೆ ಬರುತ್ತದಲ್ಲ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಎನ್ನಬಹುದು. 2013ರ ಕಾಯ್ದೆ ಎಲ್ಲ ಊರಿಗೂ ಒಂದೇ.

ಕಾನೂನು ಹೇಳಿ ಹೆದರಿಸುವುದು ನನಗೆ ಅಷ್ಟು ಇಷ್ಟವಿಲ್ಲ. ಹೆದರಿದವರು ರಾತ್ರಿ ಹೊತ್ತು ಇಳಿಸುತ್ತಾರೆ, ಅಷ್ಟೇ. ಆದ್ದರಿಂದ ಒಪ್ಪಿಗೆ ಹೇಗೆ ಹುಟ್ಟುತ್ತದೆ ಅನ್ನುವುದನ್ನೂ ನೋಡಬೇಕು.

ಒಮ್ಮೆ ಒಂದು ಬಡಾವಣೆಯಲ್ಲಿ ಇಂಥದೇ ಕೆಲಸ ನಿಲ್ಲಿಸಲು ಹೋಗಿದ್ದೆ. ಟ್ಯಾಂಕಿನ ಬಾಯಿಯ ಹತ್ತಿರ ಇಪ್ಪತ್ತೈದು ದಾಟಿರದ ಒಬ್ಬ ಹುಡುಗ ಶರ್ಟ್ ಬಿಚ್ಚಿ, ಮಡಚಿ, ಚಪ್ಪಲಿಯ ಮೇಲಿಟ್ಟು, ಅದರ ಮೇಲೆ ಫೋನ್ ಇಟ್ಟ. ಬೇಡಪ್ಪ, ಇಳೀಬೇಡ ಎಂದೆ. "ಇವತ್ತು ಬೇಡ ಅಂತೀರಾ ಸಾರ್, ಒಂದನೇ ತಾರೀಖು ಬಾಡಿಗೆ ಯಾರು ಕೊಡ್ತಾರೆ?" ಎಂದ. ಜೋರು ಮಾಡಿ ಕೇಳಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವಂತೆ ಕೇಳಿದ. ಆ ದಿನ ಲಾರಿಯವರ ಜೊತೆ ಮಾತಾಡಿ ಅವನಿಗೆ ಪೈಪ್ ಹಿಡಿಯುವ ಕೆಲಸ ಕೊಡಿಸಿದೆವು, ಇಳಿದರೆ ಸಿಗುತ್ತಿದ್ದಷ್ಟೇ ದುಡ್ಡೂ ಕೊಡಿಸಿದೆವು. ಅವನಿಗೆ ಬೇಕಾಗಿದ್ದದ್ದು ಬಾಡಿಗೆಯ ದುಡ್ಡು. ಟ್ಯಾಂಕಿಗೆ ಇಳಿಯುವುದು ಯಾರಿಗೂ ಬೇಕಾಗಿರುವುದಿಲ್ಲ.

ನಿಮ್ಮ ಸಮಿತಿಯವರು ಹೇಳುವ "ಬಡವರ ಹೊಟ್ಟೆ" ಎಂಬ ಮಾತಿಗೆ ನನ್ನ ಉತ್ತರವೂ ಇದೇ. ಆ 6 ಸಾವಿರ ರೂಪಾಯಿಯನ್ನು ಉಳಿಸಬೇಡಿ. ಅದೇ ಇಬ್ಬರಿಗೆ ಮೇಲಿನ ಕೆಲಸ ಕೊಡಿ. ಪೈಪ್ ಹಿಡಿಯುವುದು, ನೀರು ಬಿಡುವುದು, ಉದ್ದ ಕೋಲಿನ ಕೊಕ್ಕೆಯಿಂದ ಕಸ ಎಳೆಯುವುದು, ಕೆಲಸ ಬೇಕಾದಷ್ಟಿದೆ. ಕೈಗೆ ಗ್ಲೌಸ್, ಕಾಲಿಗೆ ಗಂಬೂಟ್, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ತೊಳೆದುಕೊಳ್ಳಲು ನಿಮ್ಮ ಆವರಣದಲ್ಲೇ ಬಿಸಿನೀರು, ಕುಡಿಯಲು ಎಲ್ಲರೂ ಕುಡಿಯುವ ಲೋಟದಲ್ಲೇ ನೀರು. ಕೊನೆಯದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಅವರಿಗೆ ಅಂತ ಬೇರೆ ಪ್ಲಾಸ್ಟಿಕ್ ಲೋಟ ಹುಡುಕುವುದನ್ನು ಓದಿದವರ ಮನೆಗಳಲ್ಲೇ ನೋಡಿದ್ದೇನೆ.

ಯಾಕೆ ಯಾವಾಗಲೂ ಇದೇ ಜನ ಸಿಗುತ್ತಾರೆ? ಕೇಂದ್ರ ಸರ್ಕಾರದ 'ನಮಸ್ತೆ' ಯೋಜನೆಯಲ್ಲಿ ನಗರಗಳ ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಕೆಲಸಗಾರರ ಗಣತಿ ನಡೆಯಿತು. 2024ರ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕ ಸುಮಾರು 38 ಸಾವಿರ ಜನರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರು. ಪರಿಶಿಷ್ಟ ಜಾತಿಯವರೇ ಶೇ 68ರ ಮೇಲಿದ್ದಾರೆ. 2019ರಿಂದ 2023ರವರೆಗೆ ಈ ಕೆಲಸದಲ್ಲಿ 377 ಜನ ಸತ್ತರು ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಆಮೇಲೆ ಇಂಥ 54 ಸಾವುಗಳನ್ನು ಬಿಡಿಸಿ ನೋಡಿದ ಸಾಮಾಜಿಕ ಲೆಕ್ಕಪರಿಶೋಧನೆಯಲ್ಲಿ, 49 ಪ್ರಕರಣಗಳಲ್ಲಿ ಯಾವ ಸುರಕ್ಷತಾ ಸಲಕರಣೆಯೂ ಇರಲಿಲ್ಲ ಎಂದು ಗೊತ್ತಾಯಿತು.

ಇದು ದೂರದ ಉತ್ತರ ಭಾರತದ ಕಥೆ ಎಂದುಕೊಳ್ಳಬೇಡಿ. ನಮ್ಮಲ್ಲಿ 1970ರ ದಶಕದಲ್ಲೇ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದರು. ಅಷ್ಟು ವರ್ಷಗಳ ಮೇಲೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಕೆಲವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಇದ್ದ ಮನೆ ಬಿಡಿ ಎಂಬ ಒತ್ತಡ ಅವರ ಮೇಲಿತ್ತು. ಕೆಜಿಎಫ್‌ನಲ್ಲಿ ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಹೂಡಿದ ಮೊಕದ್ದಮೆಯಲ್ಲೇ 2014ರ ಆ ತೀರ್ಪು ಬಂದದ್ದು. ನಿಮ್ಮ ಟ್ಯಾಂಕಿನ ಬಾಯಿಯ ಹತ್ತಿರ ನಿಂತಿರುವ ಇಬ್ಬರ ಹಿಂದೆ ಇಷ್ಟೆಲ್ಲ ಇದೆ. ಇದು ಆಯ್ಕೆ ಮಾಡಿಕೊಂಡ ಕೆಲಸ ಎಂದು ನಾವು ಹೇಳುವುದು ಸುಲಭ. ಆ ಮನೆಗಳ ಮಕ್ಕಳು ಬೇರೆ ಕೆಲಸ ಕೇಳಲು ಹೋದಾಗ ಏನಾಗುತ್ತದೆ ಎಂದು ನಾವು ವಿಚಾರಿಸುವುದಿಲ್ಲ.

ಇನ್ನು ತಾಂತ್ರಿಕ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇಳಿಸುವುದು ಅನಿವಾರ್ಯ ಎಂಬ ಮಾತು ಬಿದ್ದುಹೋಗುವುದು ಇಲ್ಲೇ.

ಸೆಪ್ಟಿಕ್ ಟ್ಯಾಂಕಿನಲ್ಲಿ ಮೂರು ಪದರ ಇರುತ್ತದೆ. ಮೇಲೆ ಜಿಡ್ಡಿನ ಕೆನೆ, ನಡುವೆ ನೀರು, ಕೆಳಗೆ ಗಸಿ. ಲಾರಿಯವರು ಪೈಪ್ ಬಿಟ್ಟ ತಕ್ಷಣ ಸಲೀಸಾಗಿ ಬರುವುದು ನಡುವಿನ ನೀರು. ನಿಮ್ಮ ಎರಡು ಲೋಡ್ ಬಹುಪಾಲು ಅದೇ ಇರಬೇಕು. ಗಸಿ ಹಾಗೇ ಉಳಿದಿದೆ. ಒಬ್ಬರಿಗೆ ವರ್ಷಕ್ಕೆ ಸುಮಾರು 40 ಲೀಟರ್ ಗಸಿ ಸೇರುತ್ತದೆ ಎಂಬುದು ನಾವು ಹಾಕುವ ಅಂದಾಜು. 18 ಮನೆ, ಮನೆಗೆ ನಾಲ್ವರು ಎಂದರೆ 72 ಜನ. ವರ್ಷಕ್ಕೆ ಹತ್ತಿರ ಹತ್ತಿರ 3 ಸಾವಿರ ಲೀಟರ್. ಆರು ವರ್ಷಕ್ಕೆ 17 ಸಾವಿರ ದಾಟುತ್ತದೆ. ಮೇಲಿನ ಭಾರಕ್ಕೆ ತಳದ ಗಸಿ ಒತ್ತಿಕೊಂಡು ಗಟ್ಟಿಯಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಿದ್ದರೆ ಮಷಿನ್ ಸುಲಭವಾಗಿ ಎಳೆಯುತ್ತಿತ್ತು.

ಆದರೆ "ಮಷಿನ್ ಎಳೆಯಲ್ಲ" ಎಂಬ ಮಾತನ್ನು ಹಾಗೇ ನಂಬಬೇಡಿ. ನನ್ನ ಅನುಭವದಲ್ಲಿ ಅದರ ಹಿಂದೆ ಸಾಮಾನ್ಯವಾಗಿ ಬೇರೆ ಕಾರಣ ಇರುತ್ತದೆ. ಮೊದಲು, ನಿಮ್ಮ ಟ್ಯಾಂಕಿಗೆ ಎಷ್ಟು ಮುಚ್ಚಳ ಇದೆ ನೋಡಿ. ಇಷ್ಟು ದೊಡ್ಡ ಟ್ಯಾಂಕಿಗೆ ಕನಿಷ್ಠ ಎರಡು ಕೋಣೆ, ಒಂದೊಂದು ಕೋಣೆಗೂ ಒಂದೊಂದು ಬಾಯಿ ಇರಬೇಕು. ಬಿಲ್ಡರ್ ಪಾರ್ಕಿಂಗ್ ಚೆನ್ನಾಗಿ ಕಾಣಲಿ ಎಂದು ಒಂದರ ಮೇಲೆ ಟೈಲ್ಸ್ ಹಾಕಿಬಿಟ್ಟಿರುತ್ತಾರೆ. ಪೈಪ್ ಒಂದೇ ಮೂಲೆಗೆ ಮುಟ್ಟುತ್ತದೆ, ಉಳಿದ ಗಸಿ ಅಲ್ಲೇ ಕೂತಿರುತ್ತದೆ. ಎರಡನೆಯದು ಡೀಸೆಲ್ ಲೆಕ್ಕ. ಮೂರನೇ, ನಾಲ್ಕನೇ ಟ್ರಿಪ್ ಹೊಡೆಯುವುದಕ್ಕಿಂತ ಇಬ್ಬರನ್ನು ಇಳಿಸುವುದು ಲಾರಿ ಮಾಲೀಕರಿಗೆ ಅಗ್ಗ. ಮೂರನೆಯದು ನಿಮ್ಮ ಮನೆಗಳಿಂದ ಬಂದ ಸ್ಯಾನಿಟರಿ ಪ್ಯಾಡ್, ಡೈಪರ್, ವೆಟ್ ವೈಪ್ಸ್, ಬಟ್ಟೆ ಚೂರು. ಇವು ಪೈಪಿನ ಬಾಯಿಗೆ ಅಂಟಿಕೊಂಡರೆ ಎಂಥ ಪಂಪೂ ನಿಲ್ಲುತ್ತದೆ.

ಮಾಡಬೇಕಾದದ್ದು ಇಷ್ಟು. ಜೆಟ್ಟಿಂಗ್ ಮತ್ತು ಸಕ್ಕಿಂಗ್ ಎರಡೂ ಇರುವ ಗಾಡಿಯನ್ನೇ ಕರೆಸಿ. ಜೆಟ್ಟಿಂಗ್ ಪೈಪಿನಿಂದ ಮೇಲಿಂದಲೇ ಜೋರಾಗಿ ನೀರು ಹೊಡೆದರೆ ಗಸಿ ಒಡೆದು ಅಂಬಲಿಯ ಹದಕ್ಕೆ ಬರುತ್ತದೆ. ಆಮೇಲೆ ಪಂಪ್ ಎಳೆಯುತ್ತದೆ. ಜೆಟ್ಟಿಂಗ್ ಸಿಗದಿದ್ದರೆ ಲಾರಿಗೆ ತುಂಬಿದ್ದನ್ನೇ ಸ್ವಲ್ಪ ಒತ್ತಡದಲ್ಲಿ ವಾಪಸ್ ಬಿಟ್ಟು ಕಲಕಿ ಮತ್ತೆ ಎಳೆಯುವ ಉಪಾಯ ಚೆನ್ನಾಗಿ ಕೆಲಸ ಬಲ್ಲ ಚಾಲಕರಿಗೆ ಗೊತ್ತಿರುತ್ತದೆ. ಒಂದೇ ದಿನಕ್ಕೆ ಮುಗಿಯದಿದ್ದರೆ ನೀರು ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ. ಆಗ ಬಾಯಿಯನ್ನು ಮುಚ್ಚಿಯೇ ಇಡಬೇಕು, ಮಕ್ಕಳು ಓಡಾಡುವ ಜಾಗ.

ಇದರಲ್ಲೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ಗಸಿ ಕಲಕಿದಾಗ ಅನಿಲ ಜಾಸ್ತಿ ಏಳುತ್ತದೆ. ಆ ಹೊತ್ತಿನಲ್ಲಿ ಬಾಯಿಯ ಮೇಲೆ ಬಗ್ಗಿ ನೋಡಬಾರದು. ಗಾಳಿ ನಮ್ಮ ಬೆನ್ನ ಹಿಂದಿನಿಂದ ಟ್ಯಾಂಕಿನ ಕಡೆಗೆ ಬೀಸುವಂತೆ, ಹತ್ತು ಹದಿನೈದು ಅಡಿ ದೂರ ನಿಲ್ಲಬೇಕು. ಪಾರ್ಕಿಂಗ್ ನೆಲಮಾಳಿಗೆಯಲ್ಲಿದ್ದರೆ ಎರಡೂ ಕಡೆ ಫ್ಯಾನ್ ಹಾಕಿ ಗಾಳಿ ಆಡುವಂತೆ ಮಾಡದೆ ಕೆಲಸ ಶುರುಮಾಡಬೇಡಿ. ಆ ಫ್ಯಾನ್, ಸ್ವಿಚ್ ಎಲ್ಲ ಬಾಯಿಯಿಂದ ದೂರವೇ ಇರಲಿ. ಟೈಲ್ಸ್ ಕೆಳಗಿನ ಇನ್ನೊಂದು ಬಾಯಿ ತೆರೆಯುವಾಗ ಡ್ರಿಲ್ಲಿಂಗ್ ಮಷಿನ್‌ನ ಕಿಡಿ ಮೀಥೇನ್‌ಗೆ ತಗುಲಬಾರದು. ಮೊದಲು ತೆರೆದಿರುವ ಬಾಯಿಯಿಂದ ಟ್ಯಾಂಕಿಗೆ ಚೆನ್ನಾಗಿ ಗಾಳಿ ಊದಿಸಿ, ಅನುಭವಿ ಮೇಸ್ತ್ರಿಯಿಂದ ಮಾಡಿಸಿ. ಮಳೆಗಾಲದಲ್ಲಿ ಅಂತರ್ಜಲ ಮೇಲಿರುವ ಜಾಗದಲ್ಲಿ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಟ್ಟರೆ ಹೊರಗಿನ ನೀರಿನ ಒತ್ತಡಕ್ಕೆ ಗೋಡೆ ಬಿರುಕು ಬಿಡಬಹುದು.

ಹೇಗೂ ಪೂರ್ತಿ ಖಾಲಿ ಮಾಡುವ ಅಗತ್ಯವೇ ಇಲ್ಲ. ಈ ಒಂದು ಮಾತನ್ನು ನಿಮ್ಮ ಸಭೆಯಲ್ಲಿ ದೊಡ್ಡದಾಗಿ ಹೇಳಿ. ತಳದಲ್ಲಿ ಒಂದು ಗೇಣು ಗಸಿ ಉಳಿದರೆ ಏನೂ ಹಾಳಾಗುವುದಿಲ್ಲ, ಅದರಲ್ಲಿರುವ ಸೂಕ್ಷ್ಮಜೀವಿಗಳು ಟ್ಯಾಂಕ್ ಮತ್ತೆ ಕೆಲಸ ಶುರುಮಾಡಲು ನೆರವಾಗುತ್ತವೆ. ತಳ ಕೆರೆದು ತೊಳೆದು ಫಳಫಳ ಅನ್ನಿಸಬೇಕು ಎಂಬ ಹಟಕ್ಕೆ ಎಷ್ಟೋ ಜನರನ್ನು ಇಳಿಸಿದ್ದಾರೆ. ಆ ಹಟಕ್ಕೆ ಯಾವ ಆಧಾರವೂ ಇಲ್ಲ.

ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಪುಡಿಯ ಬಗ್ಗೆ ಯಾರಾದರೂ ಹೇಳಬಹುದು. ಆರು ವರ್ಷದ ಗಸಿ, ಮರಳು, ಪ್ಲಾಸ್ಟಿಕ್ ಅದಕ್ಕೆ ಕರಗುವುದಿಲ್ಲ, ದುಡ್ಡು ದಂಡ. ಆಸಿಡ್ ಸುರಿಯುವ ಸಲಹೆ ಬಂದರೆ ಮಾತ್ರ ತಕ್ಷಣ ತಡೆಯಿರಿ. ಆಸಿಡ್ ಬಿದ್ದರೆ ಗಸಿಯಲ್ಲಿರುವ ಸಲ್ಫೈಡ್ ಹೈಡ್ರೋಜನ್ ಸಲ್ಫೈಡ್ ಆಗಿ ಒಮ್ಮೆಲೇ ಮೇಲೇಳುತ್ತದೆ.

ಲೋಡ್ ಎಲ್ಲಿ ಹೋಯಿತು ಎಂದು ನೀವು ಕೇಳಿದ್ದು ತುಂಬಾ ಸರಿಯಾದ ಪ್ರಶ್ನೆ. ಹೆಚ್ಚಿನವರು ಕೇಳುವುದೇ ಇಲ್ಲ. ಲಾರಿ ಗೇಟು ದಾಟಿದರೆ ಸಾಕು, ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಶುದ್ಧೀಕರಣ ಘಟಕ ದೂರ ಇದ್ದರೆ, ಲಾರಿ ಕತ್ತಲಾದ ಮೇಲೆ ಹತ್ತಿರದ ರಾಜಕಾಲುವೆಗೋ ಕೆರೆಯ ಅಂಚಿಗೋ ಖಾಲಿ ಜಾಗಕ್ಕೋ ಹೋಗುತ್ತದೆ. ಆ ಕೆರೆಯ ಅಂಚಿನಲ್ಲಿ ಯಾರ ಮನೆ ಇರುತ್ತದೆ ಎಂದು ಒಮ್ಮೆ ಹೋಗಿ ನೋಡಿ. ಶೀಟ್ ಹೊದಿಸಿದ ಕೂಲಿಯವರ ಶೆಡ್‌ಗಳು, ಊರ ಹೊರಗಿನ ಕಾಲೋನಿ, ಹಸು ಮೇಯಿಸುವವರು. ನಿಮ್ಮ ಟ್ಯಾಂಕಿಗೆ ಇಳಿಯಲು ಬಂದವರ ಮನೆಯೂ ಅಲ್ಲೇ ಇರಬಹುದು. ನಾವು ಖಾಲಿ ಮಾಡಿಸಿದ್ದು ಅವರ ಕೊಳವೆಬಾವಿಗೆ ಇಳಿಯುತ್ತದೆ. ಪರಿಸರ ಅನ್ನುವ ಮಾತನ್ನೂ ನ್ಯಾಯ ಅನ್ನುವ ಮಾತನ್ನೂ ನಾನು ಬೇರೆ ಬೇರೆ ಮಾಡದೇ ಇರುವುದು ಇದಕ್ಕೇ. ನನ್ನ ಕೆಲಸದಲ್ಲಿ ಎರಡೂ ಒಂದೇ ಪೈಪಿನ ಎರಡು ತುದಿಯಲ್ಲಿ ಸಿಗುತ್ತವೆ.

ಬೆಂಗಳೂರಿನ ಸುತ್ತ ಕೆಲವು ರೈತರು ಇದನ್ನು ಬಾಳೆ, ತೆಂಗಿನ ತೋಟಕ್ಕೆ ಹಾಕಿಸಿಕೊಳ್ಳುತ್ತಾರೆ. ಗೊಬ್ಬರದ ಗುಣ ಇರುವುದು ಸುಳ್ಳಲ್ಲ. ಆದರೆ ಹಸಿ ಗಸಿಯಲ್ಲಿ ಜಂತುಹುಳುವಿನ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಒಣಗಿಸಿ, ಕಾಂಪೋಸ್ಟ್ ಮಾಡಿ ಹಾಕಿದರೆ ಸರಿ, ಹಸಿಯಾಗಿ ಸೊಪ್ಪು ತರಕಾರಿಗೆ ಬೇಡವೇ ಬೇಡ. ಬರಿಗಾಲಲ್ಲಿ ಕಳೆ ಕೀಳುವ ಹೆಂಗಸರಿಗೆ ಮೊದಲು ಕಾಯಿಲೆ ಬರುತ್ತದೆ.

ಬೇರೆ ದಾರಿ ಇಲ್ಲ ಎನ್ನುವ ಹಾಗಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲೇ ಮಲದ ಗಸಿಗೆಂದೇ ಒಂದು ಸಂಸ್ಕರಣಾ ಘಟಕ ಶುರುವಾಯಿತು. ದೇಶದಲ್ಲಿ ಒಂದು ಇಡೀ ಪಟ್ಟಣಕ್ಕೆಂದು ಕಟ್ಟಿದ ಮೊದಲ ಘಟಕಗಳಲ್ಲಿ ಅದೂ ಒಂದು. ಲಾರಿ ಅಲ್ಲಿಗೆ ಹೋಗಿ ಸುರಿಯುತ್ತದೆ, ಗಸಿ ಕೊಳೆತು, ಹಾಸುಗಳಲ್ಲಿ ಒಣಗಿ, ಕಾಂಪೋಸ್ಟ್ ಆಗುತ್ತದೆ. ನಿಮ್ಮ ಕಡೆಯ ಲೋಡನ್ನು ಯಾವ ಘಟಕ ತೆಗೆದುಕೊಳ್ಳುತ್ತದೆ ಎಂದು ನಗರಸಭೆಯಲ್ಲಿ ಅರ್ಜಿ ಕೊಟ್ಟು, ಬರವಣಿಗೆಯಲ್ಲಿ ಕೇಳಿ. ನೋಂದಾಯಿತ ಲಾರಿಗಳ ಪಟ್ಟಿಯನ್ನೂ ಕೇಳಿ. ಸೆಪ್ಟಿಕ್ ಟ್ಯಾಂಕ್ ತೆಗೆಸಲು ರಾಷ್ಟ್ರೀಯ ಸಹಾಯವಾಣಿ 14420 ಇದೆ, ಅದಕ್ಕೂ ಫೋನ್ ಮಾಡಿ ನೋಡಿ. ಲಾರಿಯವರಿಗೆ ದೂರದ ಟ್ರಿಪ್ಪಿನ ಡೀಸೆಲ್ ದುಡ್ಡು ಕೊಡಿ, ಘಟಕದ ರಸೀದಿ ತಂದ ಮೇಲೆ ಬಾಕಿ ಪಾವತಿ ಮಾಡಿ. ಅವರನ್ನು ಬರೀ ಬೈದು ಪ್ರಯೋಜನವಿಲ್ಲ. ಅಗ್ಗದ ರೇಟಿಗೆ ಚೌಕಾಸಿ ಮಾಡುವವರು ನಾವೇ, ಆ ರೇಟಿನಲ್ಲಿ ಅವರು ಹತ್ತಿರದ ಕಾಲುವೆಗಷ್ಟೇ ಹೋಗಬಲ್ಲರು.

ದುಡ್ಡಿನ ಮಾತು ಖಂಡಿತ ಬರುತ್ತದೆ, ಖಜಾಂಚಿ ಬೇರೆ ನೀವು. ಜೆಟ್ಟಿಂಗ್, ಮೂರು ನಾಲ್ಕು ಟ್ರಿಪ್, ದೂರದ ಡೀಸೆಲ್ ಎಲ್ಲ ಸೇರಿ ಈ ಸಲ ಖರ್ಚು ಜಾಸ್ತಿಯೇ ಆಗುತ್ತದೆ. ಮುಂದಕ್ಕೆ ಹಾಗಾಗಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ತೆಗೆಸುತ್ತೀರಿ, ಒಂದು ಸಲಕ್ಕೆ 12 ಸಾವಿರ ಎಂದುಕೊಳ್ಳಿ. 18 ಮನೆಗೆ ಹಂಚಿದರೆ ಒಂದು ಮನೆಗೆ ತಿಂಗಳಿಗೆ 28 ರೂಪಾಯಿ. ಈ ಲೆಕ್ಕ ಹೇಳಿದ ಮೇಲೆ ಹೆಚ್ಚಿನ ಸಭೆಗಳಲ್ಲಿ ಸದ್ದು ಕಡಿಮೆಯಾಗಿದ್ದನ್ನು ನೋಡಿದ್ದೇನೆ.

ಯಾವಾಗ ತೆಗೆಸಬೇಕು ಎಂದು ನೀವೇ ನೋಡಬಹುದು. ಉದ್ದನೆಯ ಬಿದಿರು ಕೋಲಿನ ಕೆಳಗಿನ ಭಾಗಕ್ಕೆ ಹಳೆಯ ಬಿಳಿ ಟವೆಲ್ ಬಿಗಿಯಾಗಿ ಸುತ್ತಿ ಕಟ್ಟಿ. ಬಾಯಿಯ ಮೇಲೆ ಬಗ್ಗದೆ, ಪಕ್ಕದಲ್ಲಿ ನಿಂತೇ ಅದನ್ನು ತಳ ಮುಟ್ಟುವವರೆಗೆ ಇಳಿಸಿ, ಎರಡು ಮೂರು ನಿಮಿಷ ಬಿಟ್ಟು ನಿಧಾನವಾಗಿ ಎತ್ತಿ. ಟವೆಲ್ ಮೇಲೆ ಕಪ್ಪು ಗಸಿ ಅಂಟಿಕೊಂಡ ಎತ್ತರ ಸ್ಪಷ್ಟವಾಗಿ ಕಾಣುತ್ತದೆ. ಅದು ನೀರಿನ ಒಟ್ಟು ಆಳದ ಮೂರನೇ ಒಂದು ಭಾಗಕ್ಕೆ ಬಂದಿದ್ದರೆ ಲಾರಿ ಕರೆಸುವ ಹೊತ್ತು. ವರ್ಷಕ್ಕೊಮ್ಮೆ ನೋಡಿದರೆ ಸಾಕು.

ಆ ಇಬ್ಬರು ಕೆಲಸಗಾರರಿಗೆ ಇನ್ನೊಂದು ಸಹಾಯ ನಿಮ್ಮ ಕೈಲಿದೆ. 'ನಮಸ್ತೆ' ಯೋಜನೆಯಲ್ಲಿ ಹೆಸರು ಸೇರಿದವರಿಗೆ ಸುರಕ್ಷತಾ ಕಿಟ್, ಆಯುಷ್ಮಾನ್ ಆರೋಗ್ಯ ವಿಮೆ, ಸ್ವಂತ ಗಾಡಿ ಕೊಳ್ಳಲು ಸಹಾಯಧನದ ಅವಕಾಶ ಇದೆ. ಕಾಂಟ್ರ್ಯಾಕ್ಟರ್ ಕರೆದಾಗ ಮಾತ್ರ ಬರುವ ಇಂಥವರ ಹೆಸರು ಬಹಳ ಸಲ ಪಟ್ಟಿಯಲ್ಲೇ ಇರುವುದಿಲ್ಲ. ನಗರಸಭೆಯ ಆರೋಗ್ಯ ವಿಭಾಗಕ್ಕೆ ಅವರ ಜೊತೆ ನಿಮ್ಮಲ್ಲೊಬ್ಬರು ಹೋಗಿ. ಅವರಷ್ಟೇ ಹೋದರೆ ನಾಳೆ ಬಾ ಎಂದು ಕಳಿಸುವ ಕೌಂಟರಿನಲ್ಲಿ, ನೀವು ಜೊತೆಗಿದ್ದರೆ ಫಾರಂ ಕೈಗೆ ಬರುತ್ತದೆ. ಹೀಗಿರಬಾರದು, ಆದರೆ ಹೀಗಿದೆ, ಸದ್ಯಕ್ಕೆ ಅದನ್ನು ಅವರಿಗೆ ಉಪಯೋಗವಾಗುವಂತೆ ಬಳಸಿ.

ಸಭೆಗೆ ಹೋಗುವ ಮುಂಚೆ ಟ್ಯಾಂಕಿನ ಉದ್ದ, ಅಗಲ, ಆಳ, ಬಾಯಿಗಳ ಗಾತ್ರ, ಲಾರಿ ನಿಲ್ಲುವ ಜಾಗದಿಂದ ಬಾಯಿಗಿರುವ ದೂರ ಇಷ್ಟನ್ನು ಬರೆದುಕೊಳ್ಳಿ. ಕಟ್ಟಡದ ನಕ್ಷೆ ಬಿಲ್ಡರ್ ಹತ್ತಿರ ಇರುತ್ತದೆ, ಕೇಳಿ. ನಡಾವಳಿ ಪುಸ್ತಕದಲ್ಲಿ "ಯಾವ ಕಾರಣಕ್ಕೂ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದಿಲ್ಲ" ಎಂಬ ಒಂದು ಸಾಲು ಬರೆಸಿ, ಎಲ್ಲರ ಸಹಿ ಹಾಕಿಸಿ. ನಾಳೆ ನೀವು ಖಜಾಂಚಿ ಆಗಿಲ್ಲದಿದ್ದರೂ ಅದು ಇರುತ್ತದೆ. ಅಳತೆಗಳನ್ನು ನನಗೂ ಕಳಿಸಿ. ಎರಡನೇ ಬಾಯಿ ಎಲ್ಲಿ ಕೊರೆಯಬೇಕು, ಎಷ್ಟು ದಿನಕ್ಕೊಮ್ಮೆ ಗಾಡಿ ಬರಬೇಕು ಎಂದು ಲೆಕ್ಕ ಹಾಕಿ ಬರೆದು ಕೊಡುತ್ತೇನೆ.